ಸಾಹುಕಾರರನ್ನು ಹಿಂದೆ ಹಾಕಿದ ಕಾರು

ಹಲೋ... ಯಾರ್ರಿ ಅದು, ನಮಸ್ಕಾರಕ್ಕಿಂತ ಮೊದಲ ‘ಗಡಿಯಾರ ನಿಂತಿತ್ತು ಅಂತ ಬರದುಬಿಡ್ರಿ’ ಅನ್ನಾವ್ರು?...

ಹಾಂ, ಕೊಟ್ಟೂರಪ್ನೋರಾ? ಕಾರ್ ಕ್ಲಬ್ಬಿನ ಸೆಕ್ರೆಟರಿ ಬಳ್ಳಾರಿಯಿಂದ ಟ್ರಂಕ್ ಕಾಲ್ ಮಾಡ್ಯಾರ ಅಂತ ಪೋಸ್ಟ್ ಮಾಸ್ತರು ಮನಿಗೆ ಹೇಳಿ ಕಳಿಸಿದ್ರು. ಯಾರರ ಹೋಗಿಬಿಟ್ರೇನೋ ಅನ್ಕಂಡು ಕುರುಗೋಡು ಪೂರಾ ಓಡಿ ಬಂದೀನಿ... ಹೌದ್ರಿ, ಮರಿಬಸಪ್ಪನ. ನಿನ್ನೆ ನಿಮ್ಮ ರೇಸಿನಾಗ ಟೈಮು ಬರದವ...

ಇಲ್ಲಲ್ರಿ, ಎಲ್ಲಿ ನಿಂತಿತ್ತು? ಮೂವತ್ತು ವರ್ಷ ರೈಲ್ವೆ ಗಾರ್ಡ್ ಆಗಿದ್ದವ ನಾನು. ಗುಂತಕಲ್ಲಿನ ಗಾಡಿಗೆ ನಿಲ್ಲದ ಗಡಿಯಾರ ನಿಮ್ಮ ಸಾಹುಕಾರ್ರಿಗೆ ಯಾಕ ನಿಲ್ತೈತಿ?... ಹತ್ತು ಸುತ್ತಿಗೆ ಫಿಯೆಟ್ಟಿನ ಓಬಳೇಶ ಇಪ್ಪತ್ತೈದು ನಿಮಿಷ ಹನ್ನೊಂದು ಸೆಕೆಂಡು. ನಿಮ್ಮ ಪ್ರೆಸಿಡೆಂಟು ದೊಡ್ಡಬಸಪ್ಪ ಸಾಹುಕಾರ್ರು ಇಪ್ಪತ್ತೇಳೂವರಿ. ಅವ್ರ ಹಿಂದ ಆರು ಕಾರು, ಒಂದರ ಬಾಲ ಒಂದು ಹಿಡಕಂಡು, ದಿಬ್ಬಣ ಹೊಂಟಂಗ...

ಏನಂದ್ರಿ?... ಹಿರೇರನ್ನ ದಾಟಿ ಹೋಗಬಾರದಾಗಿತ್ತಾ? ಅದು ಊಟದ ಪಂಕ್ತಿಗೆ ಸರಿ. ಆರು ಮಂದಿ ನಿಮ್ಮ ಮಾತು ಕೇಳಿದ್ರಲ್ಲ. ಒಬ್ರು ಸಾಹುಕಾರ್ರ ಅಳಿಯನ ಕಡೇರು, ಇಬ್ರು ಹತ್ತಿ ಮಾರಾವ್ರು, ಉಳದವ್ರು ಅವ್ರ ಮಿಲ್ಲಿನ ಕಡಿಗೆ ಹೋಗಾವ್ರು, ಬರಾವ್ರು. ಒಬ್ಬನರ ಗೇರು ನಾಕಕ್ಕ ಹಾಕಿದ್ನಾ?...

ಹಾರ್ನಾ? ಓಬಳೇಶ ಹೊಡದಾನ್ರಿ, ಹೊಡದಾನ. ಎರಡು ಸುತ್ತು ಹಿಂದ ಹಿಂದ ಬಂದು ಸೈಡ್ ಕೇಳ್ಯಾನ. ಸಾಹುಕಾರ್ರು ಕಿಟಕ್ಯಾಗ ಕೈ ಚಾಚಿ ‘ತಡಿ’ ಅಂದ್ರು. ರೇಸಿನಾಗ ತಡಿ ಅನ್ನಾದು ಯಾವ ರೂಲಿನಾಗ ಐತಿ ಹೇಳ್ರಿ, ನಾನೂ ಬರಕಂತೀನಿ...

ಬಾವುಟ ಬೀಸಾಕಿಂತ ಮೊದಲ ಗಾಡಿ ಬಿಟ್ಟಾನಾ? ಬೀಸಿದವ್ರು ನೀವಲ್ಲೇನ್ರಿ?... ಮತ್ತ? ಬೀಸಿದ್ರಿ, ಹುಲ್ಲಿನ ಹೊರಿ ಹಿಂದ ಜಿಗದ್ರಿ. ಸಿರುಗುಪ್ಪದಿಂದ ಎರಡು ಬಂಡಿ ಭತ್ತದ ಹುಲ್ಲು ತರಿಸಿ ತಿರುವಿನಾಗ ಒಟ್ಟಿದ್ದು ಕಾರು ಗುದ್ದಿದ್ರ ತಡೀಲಿ ಅಂತ, ಸೆಕ್ರೆಟರಿ ಅಡಗ್ಲಿ ಅಂತಲ್ಲ...

ತಪಾಸಣಿನೂ ನಾನ ಮಾಡೀನಿ, ಬೆಳಿಗ್ಗಿ ಏಳಕ್ಕ. ಬ್ರೇಕು ತುಳದು ನೋಡೀನಿ, ಗಾಲಿ ಅಲ್ಲಾಡಿಸಿ ನೋಡೀನಿ. ಲೈಟಿನ ಗಾಜು ಒಡದು ಹಾದ್ಯಾಗ ಬೀಳಬಾರದು ಅಂತ ಟೇಪು ಹಚ್ಚಾಕ ಹೇಳಿದ್ವಿ, ಓಬಳೇಶ ಹಚ್ಚಿದ್ದ. ಹಚ್ಚದೇ ಇದ್ದವ್ರು ಒಬ್ರ. ಹೆಸರು ಹೇಳ್ಲ್ಯಾ?... ಬ್ಯಾಡಂದ್ರ ಬಿಡ್ರಿ. ಅದೇ ಗಾಡ್ಯಾಗ ಊಟದ ಕ್ಯಾರಿಯರ್ರು, ನೀರಿನ ಹೂಜಿ, ಅಳಿಯ. ಬಿಡಿ ಸಾಮಾನು ಇಳಿಸ್ರಿ ಅಂದೆ. ಅಳಿಯನ್ನ ಅಷ್ಟ ಇಳಿಸಿದ್ರು...

ಹಾಂ, ಈಗ ಬಂದ್ರಿ ಖರೇ ಮಾತಿಗೆ. ಮದ್ರಾಸಿನ ದೊಡ್ಡ ರೇಸಿನಾಗ ನಿಮ್ಮ ಕ್ಲಬ್ಬಿಗೆ ಒಂದ ಜಾಗ. ಗೆದ್ದವನ ಹೆಸರು, ನನ್ನ ಸಹಿ ಇರಾ ಹಾಳಿ, ಇವತ್ತಿನ ಟಪಾಲಿನಾಗ ಹೋಗಬೇಕು. ಅದರಾಗ ಸಾಹುಕಾರ್ರ ಹೆಸರಿರಬೇಕು, ಹೌದಿಲ್ಲೋ?... ಅಲ್ರಿ, ಮದ್ರಾಸಿನವ್ರಿಗೆ ಇವ್ರು ಸಾಹುಕಾರ್ರು ಅಂತ ಹೇಳಾವ್ರು ಯಾರು? ಅಲ್ಲಿ ಕೈ ಚಾಚಿದ್ರ ಯಾರು ನಿಲ್ತಾರ? ನೀವೂ ಹಿಂದ ಹೋಗ್ತೀರಾ, ಎಲ್ಲಾರಿಗೂ ತಡಿ ತಡಿ ಅನ್ನಾಕ?...

ಓಬಳೇಶಗ ಏನು ಹೇಳ್ಲಿ ನಾನು? ಮೂರು ವರ್ಷ ಗುಜರಿ ಸಾಮಾನು ಕೂಡಿಸಿ ಆ ಫಿಯೆಟ್ ಎಬ್ಬಿಸ್ಯಾನ. ಹಗಲು ಸಾಹುಕಾರ್ರ ಶೆಡ್ಡಿನಾಗ ಅವ್ರ ಗಾಡಿ ರಿಪೇರಿ ಮಾಡ್ತಾನ, ಸಂಜಿಗೆ ಇದಕ್ಕ ಕುಂದ್ರತಾನ. ನಿನ್ನೆ ಸಾಹುಕಾರ್ರ ಗಾಡಿ ಹತ್ತು ಸುತ್ತು ಕೆಮ್ಮದ ಓಡಿದ್ದೂ ಅವ್ನ ಕೈಗುಣ...

ಏನಂದ್ರಿ?... ಕೆಲಸದಿಂದ ತಗದ್ರಾ?... ಯಾವಾಗ?... ನಿನ್ನೆನ?...

ದಾಟಿ ಹೋಗಿದ್ದಕ್ಕ?...

ಇಲ್ಲ, ಕೇಳಾಕತ್ತೀನಿ, ಅದೀನಿ... ಮತ್ತ ಅದನ್ನ ಮೊದಲ ಹೇಳಬಾರದೇನ್ರಿ. ಮದ್ರಾಸಿಗೆ ಹೋಗಾಕ ಅವ್ನಿಗೆ ರಜಾ ಯಾರು ಕೊಡ್ತಾರ ಅಂತ ರಾತ್ರಿಯಿಂದ ಅದ ಚಿಂತಿ ಇತ್ತು ನನಗ. ಸಾಹುಕಾರ್ರ ಕೊಟ್ಟುಬಿಟ್ರಲ್ಲ...

ಹಾಳಿ ಹರದು ಬ್ಯಾರೆ ಬರೀಬೇಕಾ? ಕೊಟ್ಟೂರಪ್ನೋರ, ನೀವು ಒಳ್ಳೇರು, ನಿಮ್ಮ ಅಂಗಡಿ ಅವ್ರ ಕಟ್ಟಡದಾಗ ಐತಿ, ನನಗ ಗೊತ್ತೈತಿ. ನಾನು ಪಿಂಚಣಿ ತಿನ್ನಾವ, ನಮ್ಮನಿ ನಂದ. ಅದಕ್ಕ... ಹಲೋ... ಯಾರು, ಎಕ್ಸ್‌ಚೇಂಜಿನವ್ರಾ? ಮೂರು ನಿಮಿಷ ಆತಾ ತಾಯಿ? ಇನ್ನ ಮೂರು ಬೇಕಂತಾರಾ ಅವ್ರು?... ಹಲೋ... ಹಲೋ...

ಲೈನು ಕಡಿದಿತ್ತು. ಮರಿಬಸಪ್ಪ ರಿಸೀವರ್ ಇಟ್ಟು, ಅಂಗಿಯ ಜೇಬಿನಿಂದ ಮದ್ರಾಸಿನ ವಿಳಾಸದ ಲಕೋಟೆ ತೆಗೆದು ಪೋಸ್ಟ್ ಮಾಸ್ತರರ ಮುಂದೆ ಸರಿಸಿದರು. ಫೋನು ಮತ್ತೆ ರಿಂಗಣಿಸತೊಡಗಿತು. ಮಾಸ್ತರರು ಒಮ್ಮೆ ಅದರ ಕಡೆ ನೋಡಿ, ಠಸ್ಸೆಯನ್ನು ಮಸಿಗೆ ಒತ್ತಿ, ಲಕೋಟೆಯ ಮೇಲೆ ಹೊಡೆದ ನಂತರವೇ ಫೋನಿಗೆ ಕೈ ಚಾಚಿದರು.