ಯಾವ ಅಪ್ಪ?

ಮಾರ್ಚ್ ಹನ್ನೆರಡು, ಬುಧವಾರ, ಬೆಳಿಗ್ಗೆ ಹತ್ತು ಗಂಟೆ.

...ಭೇಟಿಯ ದಿನ ಅಂತ ವರದಿಯಲ್ಲಿ ಹಾಗೆ ಬರೆದಿದ್ದೀಯ. ನಿನ್ನ ಅಕ್ಷರವೇ ತಾನೇ, ನಬಿಸುಬಿ? ಏಳು, ಏಳು. ಮೊಣಕಾಲೂರಿ ನಮಸ್ಕಾರ ಮಾಡಿದ್ದು ಸಾಕು. ನಾನು ನಿನಗೆ ಪಾಠ ಹೇಳುವವಳು, ಅತ್ತೆಯಲ್ಲ. ಕುರ್ಚಿಯಲ್ಲಿ ಕೂತುಕೋ.

ಓದ್ತೀನಿ, ಕೇಳು. 'ಬಾಲಕಿ ನಕಿಮೇರಾಳ ತಂದೆಯ ಮನೆಗೆ ಭೇಟಿ ನೀಡಲಾಯಿತು. ಇಟ್ಟಿಗೆಯ ಮನೆ. ಎರಡು ಆಡು, ಬಾಳೆಯ ತೋಟ. ಕಕ್ಕಸು ಶುಚಿಯಾಗಿದೆ. ಮಗಳನ್ನು ಕರೆದುಕೊಂಡು ಹೋಗಲು ತಂದೆ ಸಂತೋಷದಿಂದ ಒಪ್ಪಿದ್ದಾರೆ.' ಕಕ್ಕಸು ಶುಚಿಯಾಗಿದೆ! ಫೋನಿನಲ್ಲೇ ಮೂಸಿ ನೋಡಿದೆಯೇನಮ್ಮಾ? ...ಯಾಕೆ ನಗ್ತೀಯ? ನಗು ಬರೋ ವಿಷಯವೇ ಇದು? ಓ... ನಗುವಲ್ಲ. ಸರಿ. ತಗೋ ಕರವಸ್ತ್ರ, ಒರೆಸಿಕೋ.

ಆ ಮಗು ಪಕ್ಕದ ಕೋಣೆಯಲ್ಲಿದೆ. ಈ ವರದಿ ನಂಬಿ ಶುಕ್ರವಾರ ನಮ್ಮ ಮಕ್ಕಳ ಆಶ್ರಮದಿಂದ ಆ ಮನೆಗೆ ಕಳಿಸಿದ್ವಿ. ಭಾನುವಾರ, ನಾವೆಲ್ಲ ಪ್ರಾರ್ಥನೆ ಮುಗಿಸಿ ಹೊರಗೆ ಬರ್ತಿದ್ದರೆ, ಗೇಟಿನ ಹತ್ತಿರ ನಿಂತಿತ್ತು. ಹದಿನೆಂಟು ಕಿಲೋಮೀಟರು, ಬರಿಗಾಲಲ್ಲಿ! ಬೆನ್ನು ನೋಡಿದೆಯಾ? ನಾನು ನೋಡಿದೆ. ಸೈಕಲ್ಲಿನ ಬ್ರೇಕ್ ತಂತಿಯಿಂದ ಹೊಡೆದ ಗುರುತು. ಮೊದಲ ಸಲ ನಮ್ಮಲ್ಲಿಗೆ ಓಡಿ ಬಂದಾಗಲೂ ಇವೇ ಗುರುತು. ಇವತ್ತು ಬೆಳಿಗ್ಗೆ ಬಾಯಿ ಬಿಟ್ಟಿತು. ಆಗಲೂ ಅದೇ ಕೈಯಂತೆ.

ನೀನು ತಂದೆ ಅಂತ ಬರೆದವನು ಅವಳನ್ನು ಹೆತ್ತ ಅಪ್ಪನಲ್ಲ. ಅಪ್ಪನ ತಮ್ಮ. ಹೆತ್ತವನು ಸತ್ತು ಮೂರು ವರ್ಷ.

ಏನು? 'ನೀವು ಅವಳ ಅಪ್ಪನಾ' ಅಂತ ಕೇಳಿದೆ, ಹೌದು ಅಂದ... ಅನ್ನದೆ ಏನಂತಾನೆ? ಸುಳ್ಳೇನೂ ಹೇಳಲಿಲ್ಲ ಅವನು! ನೀನೂ ನಮ್ಮ ಬುಗಾಂಡಾ ಸೀಮೆಯವಳು ತಾನೇ? ನಿನಗೆ ಎಷ್ಟು ಜನ ಅಪ್ಪಂದಿರು? ನನಗೆ ಐದು. ಅಪ್ಪನ ಅಣ್ಣನೂ ಅಪ್ಪ, ತಮ್ಮನೂ ಅಪ್ಪ. 'ಯಾವ ಅಪ್ಪ' ಅಂತ ಅಕ್ಷರ ಬಾರದ ನಮ್ಮಜ್ಜಿ ಕೂಡ ಕೇಳ್ತಿದ್ದಳು. ಮೂರು ವರ್ಷ ಸಮಾಜ ಕಾರ್ಯ ಓದಿದ ನೀನು ಕೇಳಲಿಲ್ಲ. ಇಂಗ್ಲಿಷ್ ಫಾರಮ್ಮಿನಲ್ಲಿ ಒಂದೇ ಖಾಲಿ ಜಾಗ: ತಂದೆ. ತುಂಬಿಬಿಟ್ಟೆ. ಮಗುವನ್ನೂ ಕೇಳಿದ್ವಿ, ಅಪ್ಪನ ಹತ್ತಿರ ಹೋಗ್ತೀಯಾ ಅಂತ. ಅದು ತಲೆ ತಗ್ಗಿಸಿತು. ಒಪ್ಪಿಗೆ ಅಂದುಕೊಂಡ್ವಿ.

ಹನ್ನೆರಡಕ್ಕೆ ಮಕ್ಕಳ ಅಧಿಕಾರಿ ಬರ್ತಾರೆ, ಅವನನ್ನೂ ಕರೆದುಕೊಂಡು. ಅವರ ಕೈಯಲ್ಲಿ ಇದೇ ವರದಿ. ಇದು ಇರೋವರೆಗೆ ಅವನೇ ತಂದೆ, ಅವನದೇ ಒಳ್ಳೆಯ ಮನೆ, ಮಗು ಅಲ್ಲಿಗೇ ಹೋಗಬೇಕು. ಈಗ ಎಷ್ಟು? ಹನ್ನೊಂದೂಕಾಲು... ಇರು, ಕಿಟಕಿ ಹಾಕ್ತೀನಿ. ಹೊರಗೆ ಆ ಪ್ರಾರ್ಥನೆಯ ಹಾಡಿನವರ ಅಭ್ಯಾಸ ತಲೆ ತಿನ್ನುತ್ತೆ.

ತಗೋ ಪೆನ್ನು. ಬರೆ. 'ಭೇಟಿ ನಡೆಯಲೇ ಇಲ್ಲ. ನಾನು ಸ್ವಂತ ಬುದ್ಧಿಯಿಂದ, ಯಾರಿಗೂ ತಿಳಿಸದೆ...' ಬರೆಯಮ್ಮಾ. ನಿನ್ನ ವರ್ಷ ಹೋಗುತ್ತೆ, ನಿಜ. ಅಕ್ಟೋಬರಿನಲ್ಲಿ ಪದವಿಯಿಲ್ಲ. ಆದರೆ ಮಗು ಉಳಿಯುತ್ತೆ... ಯಾಕೆ ನಿಲ್ಲಿಸಿದೆ? 'ಯಾರಿಗೂ ತಿಳಿಸದೆ.' ಅಲ್ಲೇ ಸಿಕ್ಕಿಕೊಂಡಿತೇನು ಪೆನ್ನು?

ನನ್ನ ಸಹಿಯೇ? ಇದೆ, ಕೆಳಗಿದೆ. ಇಬ್ಬರೂ ಜೊತೆಯಾಗಿ ಹೋಗಬೇಕು ಅನ್ನೋದು ನಿಯಮ. ಗೊತ್ತು ನನಗೆ, ನಾನೇ ಪಾಠ ಮಾಡೋದು! ನಿನ್ನನ್ನು ನಂಬಿ ಸಹಿ ಹಾಕಿದೆ. ಆ ಬುಧವಾರ ನನಗೆ ಬೇರೆ ಕೆಲಸವಿತ್ತು. ಅದೇ ವಾರ ಮಗಳ ನಿಶ್ಚಿತಾರ್ಥ, ಉಡಬೇಕಾದ ಗೊಮೆಸಿಯ ತೋಳನ್ನು ದರ್ಜಿ ಕೆಡಿಸಿಟ್ಟಿದ್ದ... ಮಳೆ ಬೇರೆ. ಆ ಕೆಮ್ಮಣ್ಣಿನ ದಾರಿಗೆ ಮೋಟಾರ್‌ಸೈಕಲ್ ಇಳಿಸಲ್ಲ ಅಂತ ನಿನ್ನನ್ನು ಕರೆದೊಯ್ಯಬೇಕಿದ್ದ ಬಾಡಿಗೆ ಬೋಡಾದವನೂ ಹಟ ಹಿಡಿದ. ಆಗ ನೀನು ನನಗೆ ಫೋನ್ ಮಾಡಿದೆ...

ಮಾಡಿದೆ. ಇಲ್ಲ ಅನ್ನೋದಿಲ್ಲ.

ಆದರೆ 'ಅವನನ್ನು ಫೋನಿನಲ್ಲೇ ಕೇಳಿ ಬರೆದುಬಿಡು' ಅಂತ ನಿನಗೆ ಯಾರು ಹೇಳಿದರು? ಹೇಳು! ಯಾರು ಹೇಳಿದರು?

...ಕಣ್ಣು ಕೆಳಗೆ ಹಾಕು. ದೊಡ್ಡವರನ್ನು ಹಾಗೆ ನೋಡಬಾರದು ಅಂತ ಮನೆಯಲ್ಲಿ ಕಲಿಸಲಿಲ್ಲವಾ?

...

ಬೇಡ, ತಗ್ಗಿಸಬೇಡ. ನೋಡು.

ಬೈಯಬಾರದೇ ಹುಡುಗಿ? ನಾಲ್ಕು ಮಾತು ಬೈದುಬಿಡಬಾರದೇ?

...ಕೊಡು ಇಲ್ಲಿ ಪೆನ್ನು. 'ಯಾರಿಗೂ ತಿಳಿಸದೆ' ಅನ್ನೋದನ್ನು ಹೊಡೆದುಹಾಕ್ತೀನಿ. 'ಮೇಲ್ವಿಚಾರಕಿಯಾದ ನಾನು, ಪರ್ಪೆಟುವಾ ನಲ್ವೋಗಾ, ಹೋಗಲಿಲ್ಲ. ಹೋಗಬೇಕಾಗಿಲ್ಲ ಎಂದು ವಿದ್ಯಾರ್ಥಿನಿಗೆ ಹೇಳಿದವಳೂ ನಾನೇ.' ಆಯಿತು. ಈ ಮೇಜು ಖಾಲಿ ಮಾಡು ಅಂತಾರೆ. ಮಾಡ್ತೀನಿ.

ಇನ್ನೊಂದು ಸಾಲಿದೆ. 'ಆ ಮನೆಯಲ್ಲಿ ಹಾಜರಿದ್ದವರು.' ಇಲ್ಲಿ ನಮ್ಮಿಬ್ಬರ ಹೆಸರೂ ಹಾಕಿದ್ದೀಯ. ತೆಗೆದೆ. ಶುಕ್ರವಾರ ರಾತ್ರಿ ಅಲ್ಲಿ ನಿಜವಾಗಿ ಇದ್ದವರನ್ನು ಬರೆದೆ. ಈಗ ಓದ್ತೀನಿ, ಸರಿಯಿದೆಯಾ ಹೇಳು.

ಡೇವಿಸ್ ಸೆಕಿಬಾಲಾ, ಅಪ್ಪನ ತಮ್ಮ.

ನಕಿಮೇರಾ, ಹನ್ನೆರಡು ವರ್ಷ.