ಗೋಡೆಯುದ್ದಕ್ಕೂ ಹುಲ್ಲು

ವೇದಿಕೆಯ ಮೇಲಿರುವ ಬಡಾವಣೆ ಸಂಘದ ಅಧ್ಯಕ್ಷರೇ, ಮನೆಮನೆಗೂ ಬಂದು ತೋಟಗಳನ್ನು ನೋಡಿದ ತೀರ್ಪುಗಾರರೇ, ಈ ಸೆಕೆಯಲ್ಲೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ನಾನು ಬಟ್ಟೆ ಹೊಲಿಯುವವಳು. ಮೈಕಿನ ಮುಂದೆ ನಿಂತು ಅಭ್ಯಾಸವಿಲ್ಲ. ಆದರೆ ಮೊದಲ ಬಹುಮಾನ ಬಂದಾಗ ಬಾಯಿ ಮುಚ್ಚಿಕೊಂಡು ಕೂರುವವಳೂ ಅಲ್ಲ. ಅದೂ ಯಾವುದಕ್ಕೆ ಬಂದ ಬಹುಮಾನ? ಗುಲಾಬಿಗಲ್ಲ, ಸೇವಂತಿಗೆಗಲ್ಲ, ಹುಲ್ಲಿಗೆ.

ನಮ್ಮ ಬೀದಿಯ ಕೊನೆಯ ಖಾಲಿ ಜಾಗದಲ್ಲಿ ಆಳೆತ್ತರದ ಹುಲ್ಲಿತ್ತು. ಯಾರೂ ಬಿತ್ತಿದ್ದಲ್ಲ, ಈ ಮಣ್ಣಿನದೇ. ಅಲ್ಲಿ ಮನೆ ಕಟ್ಟಲು ಯಂತ್ರ ಬಂದ ದಿನ, ಹೊಲಿಯುತ್ತಿದ್ದ ಅಂಗಿಯನ್ನು ಅರ್ಧಕ್ಕೇ ಬಿಟ್ಟು ಓಡಿದೆ. ಒಂದಷ್ಟನ್ನು ಬುಡಸಮೇತ ಅಗೆದು ತಂದು, ನಮ್ಮ ಮನೆಗೂ ಪಕ್ಕದಲ್ಲೇ ಇರುವ ನನ್ನ ಸ್ವಂತ ಅಕ್ಕನ ಮನೆಗೂ ನಡುವಿನ ಗೋಡೆಯುದ್ದಕ್ಕೂ ನೆಟ್ಟೆ. ಅಲ್ಲೇ ಏಕೆ? ಬಿಸಿಲಿಗಾಗಿ. "ಬಿಸಿಲು ಬೀಳೋದು ಮುಂದುಗಡೆ ಅಲ್ವಾ?" ಎಂದರು ನಮ್ಮ ಮನೆಯವರು. ಅವರಿಗೆ ತೋಟದ ವಿಷಯ ಅಷ್ಟಾಗಿ ತಿಳಿಯದು.

ಅಕ್ಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವಳು. ಅವ್ವ ಕೊನೆಗಾಲದಲ್ಲಿ ಯಾರ ಮನೆಯಲ್ಲಿರಬೇಕು ಎಂಬ ವಿಷಯಕ್ಕೆ ನಮ್ಮಿಬ್ಬರ ಮಾತು ನಿಂತಿತ್ತು. ಅವ್ವ ಇಬ್ಬರಿಗೂ ಬೇಕಾಗಿದ್ದಳು. ಅದಿರಲಿ, ಇದು ಹುಲ್ಲಿನ ಸಭೆ.

ಹಾವು ಬರುತ್ತವೆ ಎಂದು ಅಕ್ಕ ಸಂಘಕ್ಕೆ ದೂರು ಕೊಟ್ಟಳು. ಅಧ್ಯಕ್ಷರೇ, ಅಂದು "ಕತ್ತರಿಸಿ ಬಿಸಾಡಮ್ಮ" ಎಂದವರು ತಾವೇ. ಇಂದು ಹೂಗುಚ್ಛ ಕೊಟ್ಟವರೂ ತಾವೇ. ನಾನು ಏನೆಂದೆ, ನೆನಪಿದೆಯೇ? "ಕತ್ತರಿಸ್ತೀನಿ ಸಾರ್, ವರ್ಷಕ್ಕೊಂದು ಸಲ, ಹೂವೆಲ್ಲ ಒಣಗಿದ ಮೇಲೆ. ಕತ್ತರಿ ಹಿಡಿಯೋದು ನನಗೆ ಹೇಳ್ಕೊಡಬೇಡಿ."

ಆ ಬೇಸಿಗೆ ನಲ್ಲಿಯಲ್ಲಿ ನೀರೇ ಬರಲಿಲ್ಲ. ಅಕ್ಕ ಮಗುವಿನಂತೆ ಸಾಕಿದ್ದ ಹುಲ್ಲುಹಾಸು ಸುಟ್ಟು ಕಂದು ಬಣ್ಣಕ್ಕೆ ತಿರುಗಿತು. ನನ್ನದಕ್ಕೆ ನೀರಿಲ್ಲ, ಗೊಬ್ಬರವಿಲ್ಲ. ಗೊಬ್ಬರ ಹಾಕಿದರೆ ಕೊಬ್ಬಿ ಅಡ್ಡ ಬೀಳುತ್ತದೆ. ಅದು ನೆಟ್ಟಗೆ ನಿಂತು, ಗೋಡೆಗಿಂತ ಮೇಲಕ್ಕೆ ಬೆಳ್ಳಗೆ ತೆನೆ ಬಿಟ್ಟಿತು. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ? ಹೊಲಿಗೆ ಯಂತ್ರವನ್ನೇ ಕಿಟಕಿಯ ಬಳಿಗೆ ಎಳೆದುಕೊಂಡೆ.

ಒಂದು ಬೆಳಿಗ್ಗೆ ಆಚೆ ಕಡೆ ಸ್ಟೂಲಿನ ಮೇಲೆ ನಿಂತು ಅಕ್ಕ ತೆನೆ ಸವರುತ್ತಿದ್ದಳು. ನಾನು ಹೊರಗೆ ಬಂದರೂ ಇಳಿಯಲಿಲ್ಲ.

"ಇದು ಆ ಖಾಲಿ ಜಾಗದ್ದೇನೇ?"

"ಹೂಂ."

"ಚಿಕ್ಕವರಿದ್ದಾಗ ನಾವಿಬ್ರೂ ಇದರೊಳಗೇ ಅಲ್ವಾ ಬಚ್ಚಿಟ್ಕೊಂಡು ಕೂರ್ತಿದ್ದದ್ದು? ಅವ್ವನಿಗೆ ಕೂಗಿ ಕೂಗಿ ಸಾಕಾಗೋದು."

"ನೀನೇ ನನ್ನ ಬಾಯಿ ಮುಚ್ಚಿ ಹಿಡೀತಿದ್ದೆ."

ಅಕ್ಕ ಇನ್ನೊಂದು ತೆನೆಯನ್ನು ತನ್ನ ಕಡೆಗೆ ಬಗ್ಗಿಸಿಕೊಂಡಳು. ಆಮೇಲೆ, "ನನಗೂ ಒಂದು ಬುಡ ಕೊಡ್ತೀಯಾ?" ಎಂದಳು.

"ಈಗ ಕೀಳಬಾರದು ಅಕ್ಕ. ಹೂ ಮುಗೀಲಿ, ಬುಡ ಸೀಳಿ ಕೊಡ್ತೀನಿ."

"ಅಲ್ಲೀವರೆಗೂ?"

"ಅಲ್ಲೀವರೆಗೂ ಬಂದು ನೋಡ್ಕೊಂಡು ಹೋಗ್ತಿರು."

ಬಂದಳು. ದಿನಾ ಬಂದಳು. ನಾನು ಹೊಲಿದ ಅಂಗಿಗಳಿಗೆ ಗುಂಡಿಯ ಕಾಜ ಹಾಕಿಕೊಟ್ಟಳು, ಮಕ್ಕಳಿಗೆ ಬೈಯುವಂತೆ ನನಗೂ ಬೈದಳು. ಈಗ ಅವಳ ಅಂಗಳದಲ್ಲೂ ಅದೇ ಹುಲ್ಲು.

ಸಭಿಕರೇ, ಈ ಸಲದ ಎರಡನೇ ಬಹುಮಾನ ಅಕ್ಕನಿಗೇ ಬಂದಿದೆ. ತನ್ನ ಹುಲ್ಲೇ ಎತ್ತರ, ತೀರ್ಪುಗಾರರಿಗೆ ಕಣ್ಣು ಸರಿಯಿಲ್ಲ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಳು. ಮೊದಲ ಸಾಲಿನಲ್ಲಿ ಕೂತು, ಸಾಕು ಮಾಡು ಎಂದು ಕೈ ಮಾಡುತ್ತಿದ್ದಾಳೆ. ದೊಡ್ಡವಳು, ಕೇಳಲೇಬೇಕು. ಇಷ್ಟು ಹೊತ್ತು ನನ್ನ ಹುಲ್ಲಿನ ಪುರಾಣ ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.