ಒಟಿಲಿಯಾಳ ಡಬ್ಬಿಯ ಮಣ್ಣು

ಅಯ್ಯೋ, ನನ್ನನ್ನೇನು ಕೇಳ್ತೀಯೇ ಶ್ರೀರಂಜನಿ? ಡಬ್ಬಿ ಒಟಿಲಿಯಾಳ ಬೀರುವಿನಲ್ಲೇ ಸಿಕ್ತಲ್ಲ! ನಾಳೆ ಶವಪೆಟ್ಟಿಗೆ ಮೇಲೆ ಆ ಮಣ್ಣು ಸುರಿದ್ರೆ ಆಯ್ತು, ಮುದುಕಿ ಆಸೆ ತೀರಿತು... ಏನು, ಕೆಂಪಗಿದೆಯಾ? ಅವಳೂರಿನದು ಬೂದು ಮಣ್ಣು ಅಂದಿದ್ಲಾ? ಎಂಬತ್ತು ವರ್ಷದ ಡಬ್ಬಿ ಕಣೆ, ತುಕ್ಕು ಬಿಟ್ಟಿರುತ್ತೆ. ಕೂತ್ಕೋ, ಕಾಫಿ ಕುಡಿ. ಯಾಕೆ ಹಾಗೆ ನೋಡ್ತೀಯ?

ನೀನು ಆಫೀಸು ಮುಗಿಸಿ ಬಂದು ಅವಳ ಊರಿನ ಚರಿತ್ರೆ ಬರ್ಕೊಂಡೆ, ನಿಜ. ಆದ್ರೆ ಒಟಿಲಿಯಾ ಪೂರಾ ಬಾಯಿಬಿಟ್ಟಿದ್ದು ಈ ವಿನೋದಿನಿ ಹತ್ರ! ಅವಳಿಗೆ ಕನ್ನಡ ಬರಲ್ಲ, ನನಗೆ ಇಂಗ್ಲಿಷ್ ಬರಲ್ಲ, ಇಬ್ಬರದೂ ಈ ದೇಶದ ಹರಕು ಸ್ವಾಹಿಲಿ. ಮಕ್ಕಳೆಲ್ಲ ಕೆಲಸಕ್ಕೆ ಹೋದ್ಮೇಲೆ ಈ ಕಿಲಿಮಾನಿ ಕಟ್ಟಡದಲ್ಲಿ ಎರಡು ಮುದಿ ಬಾಯಿ ಇನ್ನೇನು ಮಾಡ್ತವೆ?

ಪೋಲೆಂಡಿನ ವೊಲ್ನಿತ್ಸ! ಆ ಹೆಸರು ಹೇಳೋಕೆ ಬಾಯಲ್ಲಿ ಬಿಸಿ ಗೆಣಸು ಇರ್ಬೇಕು. ಅವಳ ಹಿರೀಕರು ಜರ್ಮನ್ ಮಾತಾಡೋ ನೇಕಾರರು, ಪ್ರಾಟೆಸ್ಟೆಂಟರು. ಅವರ ಸೀಮೆಯ ರಾಜ ಚರ್ಚಿಗೆ ಬೀಗ ಜಡಿದ. ಗಡಿಯಾಚೆ ಪೋಲೆಂಡಿನ ಜಮೀನ್ದಾರ, ‘ಬನ್ನಿ, ಜಾಗ ಕೊಡ್ತೀನಿ, ಮರ ಕೊಡ್ತೀನಿ, ಮಗ್ಗ ಹೂಡಿ’ ಅಂದ. ಬಂದ್ರು, ಊರು ಕಟ್ಟಿದ್ರು. ಚರ್ಚು ಕಟ್ಟಿದ್ರೆ, ಗಂಟೆ ಮಾತ್ರ ತೂಗುಹಾಕಕೂಡದು ಅಂತ ಕ್ಯಾಥೊಲಿಕ್ ಪಾದ್ರಿ ತಕರಾರು! ಪಾಪ, ಹಲಗೆ ಬಡಿದು ಪ್ರಾರ್ಥನೆಗೆ ಕರೀತಿದ್ರಂತೆ... ಇದೆಲ್ಲ ನೀನು ಬರ್ಕೊಂಡಿದ್ದೀಯ. ಅವಳ ಮುತ್ತಜ್ಜಿ ಆ ಕ್ಯಾಥೊಲಿಕ್ ಚರ್ಚಿನ ಗಂಟೆ ಬಾರಿಸೋನ ಜೊತೇಲೇ ಓಡಿಹೋಗಿದ್ದು? ಅದನ್ನ ಬರ್ಕೊಂಡ್ಯಾ? ಇಲ್ಲ ನೋಡು!

ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗೆ ಇವಳಿಗೆ ಎಂಟು ವರ್ಷ. ಜರ್ಮನ್ ಮಾತಾಡೋರೆಲ್ಲ ಜಾಗ ಖಾಲಿ ಮಾಡಿ ಅಂದ್ರಂತೆ. ಮುನ್ನೂರು ವರ್ಷದ ಊರು! ಅವಳಮ್ಮ ಅಜ್ಜನ ಗೋರಿ ಮೇಲಿನ ಮಣ್ಣನ್ನ ಕಾಫಿ ಡಬ್ಬಿಗೆ ತುಂಬ್ಕೊಂಡು ಹಿಮದಲ್ಲಿ ನಡೆದ್ಲು. ಆಮೇಲೆ ಗೋರಿಕಲ್ಲನ್ನೆಲ್ಲ ಕಿತ್ತು ರಸ್ತೆಗೆ ಹಾಸಿದ್ರಂತೆ. ಅಮ್ಮ ಸತ್ತಾಗ ಪೆಟ್ಟಿಗೆ ಮೇಲೆ ಒಂದು ಹಿಡಿ, ಉಳಿದದ್ದು ಇವಳಿಗೆ, ಅದನ್ನ ಇಲ್ಲೀವರೆಗೂ ತಂದ್ಲು. ಹೇಳ್ತಾ ಹೇಳ್ತಾ ಅತ್ಲು. ನಾನೂ ಅತ್ತೆ, ಸುಳ್ಳು ಯಾಕೆ?

ಕಣ್ಣೊರೆಸ್ಕೊಂಡು ಕೆಳಗಿನ ಅವಳ ಮನೆಗೆ ಇಳಿದು ಹೋದೋಳು ಅದೇ ವಾರ ಏನು ಮಾಡಿದ್ಲು ಗೊತ್ತಾ? ನನ್ನ ಕರಿಬೇವು! ಮೈಸೂರಿಂದ ಒದ್ದೆ ಬಟ್ಟೆ ಸುತ್ತಿ, ಕುಪ್ಪಸದೊಳಗೆ ಬಚ್ಚಿಟ್ಕೊಂಡು, ಇಲ್ಲಿನ ಎಂಬಕಸಿ ವಿಮಾನ ನಿಲ್ದಾಣದಲ್ಲಿ ಎದೆ ಢವಢವ ಅಂತಿದ್ರೂ ದಾಟಿಸಿದ ಗಿಡ ಕಣೆ! ನೀರು ಸೋರಿ ತನ್ನ ಬಾಲ್ಕನಿ ಹಾಳಾಯ್ತು ಅಂತ ದೂರು ಕೊಟ್ಲು. ವಾಚ್‌ಮನ್ ಪೀಟರ್ ಬಂದು ‘ಪೋಲೆ, ಮಾಮಾ’, ಕ್ಷಮಿಸಮ್ಮ ಅಂತಾನೇ ಕಿತ್ತು ಕಸಕ್ಕೆ ಎಸೆದ. ಅವಳು ಮಣ್ಣು ತಂದ್ರೆ ಚರಿತ್ರೆ, ನಾನು ಗಿಡ ತಂದ್ರೆ ಕಸವಾ? ನಗ್ತೀಯಾ? ನಗು, ನಗು!

ಕಸದಿಂದ ಒಂದು ಬೇರಿನ ತುಂಡು ಎತ್ಕೊಂಡು ಬಂದೆ. ಅಷ್ಟೇ... ಹೋದ ವರ್ಷ ಅವಳು ಆಸ್ಪತ್ರೆ ಸೇರಿದಾಗ ಬೆಕ್ಕಿಗೆ ಹಾಲು ಹಾಕು ಅಂತ ಬೀಗದಕೈ ಕೊಟ್ಟಿದ್ದೂ ನನಗೇ. ಆದ್ರೆ ಆ ಡಬ್ಬಿ ನಾನು ಮುಟ್ಟಿಲ್ಲಪ್ಪ, ದೇವರಾಣೆ... ಮುಟ್ಟಿದ್ಯಾ ಅಂತ ನೀನು ಕೇಳಲೇ ಇಲ್ಲ, ಅಲ್ವಾ? ಕಾಫಿ ಆರ್ತಾ ಇದೆ.

ಎಲ್ಲಿಗೆ ಎದ್ದೆ? ಆ ಕುಂಡಾನಾ? ಹೌದು, ಅದೇ ಬೇರು. ಹೇಗೆ ಚಿಗುರಿದೆ ನೋಡು... ಏಯ್, ಕೆದಕಬೇಡ್ವೇ! ಮೇಲೆ ಕೆಂಪು ಮಣ್ಣೇ, ಕೆಳಗೆ... ಕೆಳಗೆ ಬೂದು. ಹೂಂ. ಬೂದು ಮರಳು.

ಡಬ್ಬಿ ಪಕ್ಕಕ್ಕೆ ಹಿಡಿದು ಹೋಲಿಸಿ ನೋಡ್ತೀಯಾ?

ಸರಿ, ಹಾಕ್ದೆ! ಅವಳಜ್ಜನ ಮಣ್ಣು ನನ್ನ ಕುಂಡಕ್ಕೆ, ಪಾರ್ಕಿಂಗ್ ಪಕ್ಕದ ಮಣ್ಣು ಅವಳ ಡಬ್ಬಿಗೆ. ಹೋದ ವಾರ ಸಾರು ಕಳಿಸಿದೆ, ಇದೇ ಎಲೆಯ ಒಗ್ಗರಣೆ. ‘ತಾಮು ಸನಾ’, ಭಾರೀ ರುಚಿ ಅಂತ ಲೋಟ ಬಳಿದು ಕುಡಿದ್ಲು. ನನ್ನ ಹೊಟ್ಟೆ ಎಷ್ಟು ತಣ್ಣಗಾಯ್ತು ಗೊತ್ತಾ!... ಅವತ್ತು ತಣ್ಣಗಾಯ್ತು.

ಹೀಗೆ ಡಬ್ಬಿ ಮುಂದೆ ಚಾಚಿದ್ರೆ ನಾನೇನೇ ಮಾಡ್ಲಿ? ಬೇರು ಮಣ್ಣನ್ನೆಲ್ಲ ಅಪ್ಪಿ ಹಿಡ್ಕೊಂಡಿದೆ. ಮಣ್ಣು ಬೇಕು ಅಂದ್ರೆ ಗಿಡ ಕೀಳ್ಬೇಕು. ಎರಡನೇ ಸಲ ಕಿತ್ರೆ ಬದುಕಲ್ಲ ಕಣೆ... ಬದುಕಲ್ಲ...

ಆ ಕೆಂಪು ಮಣ್ಣನ್ನ ಚೆಲ್ಲು. ಡಬ್ಬಿ ಇತ್ತ ಕೊಡು. ಮುಖ ಆ ಕಡೆ ತಿರುಗಿಸ್ಕೋ... ಸತ್ತ ಮೇಲೂ ನನ್ನ ಗಿಡ ಕೀಳಿಸಿದ್ಲಲ್ಲೇ, ಮುದುಕಿ! ಅದೂ ನನ್ನ ಕೈಯಿಂದಲೇ!